ದಕ್ಷಿಣ ಮರಾಠಾ ಸೀಮೆಯ ಕ್ರೈಸ್ತ ದೇವಾಲಯಗಳೂ ಬೀದಿಯ ಕನ್ನಡವೂ

ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟನ್ನು ನಿತ್ಯ ಬಳಸುವ ವಿದ್ವಾಂಸರು ಅದರಲ್ಲಿ ಒಂದು ಸಂಗತಿಯನ್ನು ಗಮನಿಸಿಯೇ ಇರುತ್ತಾರೆ. ಕಾವ್ಯದಿಂದ ಎತ್ತಿಕೊಂಡ ಶಬ್ದಕ್ಕೆ ಕಾವ್ಯದ ಹೆಸರೂ ವ್ಯಾಕರಣದಿಂದ ಎತ್ತಿಕೊಂಡುದಕ್ಕೆ ವ್ಯಾಕರಣದ ಹೆಸರೂ ಅಲ್ಲಿ ಸಂಕ್ಷೇಪವಾಗಿ ಬರುವುವು. ಆದರೆ ಗ್ರಂಥದಲ್ಲಿ ದೊರೆಯದೆ ಕೇವಲ ಜನರ ಬಾಯಲ್ಲಿ ದೊರೆತ ಶಬ್ದಕ್ಕೆ ಪ್ರಮಾಣವೇನು? ಅಲ್ಲಿ ಗ್ರಂಥದ ಹೆಸರಿಗೆ ಬದಲಾಗಿ ನಾಡಿನ ಹೆಸರು ನಿಲ್ಲುತ್ತದೆ. ಮೈಸೂರು ಸೀಮೆಯ ಮಾತಿಗೆ ಒಂದು ಗುರುತು. ‘ದಕ್ಷಿಣ ಮರಾಠಾ’ ಸೀಮೆಯ ಮಾತಿಗೆ ಇನ್ನೊಂದು. ಈ ಎರಡನೆಯ ಗುರುತು ಧಾರವಾಡ, ಬೆಳಗಾವಿ ಮೊದಲಾದ ಪ್ರಾಂತಗಳಿಗೆ ಸಲ್ಲುವುದು. ಆದುದರಿಂದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಿರುವ ಕೃಷ್ಣಾತೀರದ ಸೀಮೆಯೂ ಅದರೊಳಗೆ ಸೇರಿರಬೇಕು. ಹೆಸರಿನಿಂದ ಸೇರಿದೆ, ಸಂದೇಹವಿಲ್ಲ. ಆದರೆ ಅಲ್ಲಿಯ ಬೀದಿಯ ಮಾತು ಸೇರಿದೆಯೆ ಎಂಬುದು ನಮ್ಮ ಪ್ರಶ್ನೆ. ಇದಕ್ಕೆ ಉತ್ತರವನ್ನು ನಿಘಂಟಿನ ಪುಟಗಳಲ್ಲಿ ಮಾತ್ರ ಹುಡುಕಿದರೆ ಸಾಲದು. ಆ ಶಬ್ದಗಳನ್ನು ಕೇಳಿದವರು ಯಾವ ದಾರಿಯಿಂದ ಬಂದರು, ಎಲ್ಲಿ ದೇವಾಲಯವನ್ನು ಕಟ್ಟಿದರು, ಅದರ ಮುಂದಣ ಬೀದಿಯಲ್ಲಿ ಯಾವ ಭಾಷೆಯನ್ನು ಆಡಿದರು ಎಂಬುದನ್ನು ನೋಡಬೇಕು.

ಮೊದಲು ಹೆಸರಿನ ವಿಚಾರ. ಕನ್ನಡ ನಿಘಂಟಿನಲ್ಲಿ ಕನ್ನಡನಾಡಿಗೆ ಮರಾಠಾ ಎಂಬ ಹೆಸರು ಬಂದುದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಇದು ಕಿಟ್ಟೆಲರು ಇಟ್ಟ ಹೆಸರಲ್ಲ. 1818ರಲ್ಲಿ ಪೇಶವೆಯ ರಾಜ್ಯವು ಅಳಿದು ಈ ಸೀಮೆ ಇಂಗ್ಲಿಷರ ಕೈಸೇರಿದಾಗ ಅವರು ಅಳಿದ ಒಡೆಯನ ಹೆಸರಿನಿಂದಲೇ ನಾಡನ್ನು ಕರೆದರು. ಒಡೆಯನು ಮರಾಠಾ, ಆದುದರಿಂದ ನೆಲವೂ ಮರಾಠಾ ಎಂಬ ನ್ಯಾಯ! ದಫ್ತರದ ಭಾಷೆ ಮರಾಠಿಯಾಗಿದ್ದುದರಿಂದ ಸರಕಾರಿ ಶಾಲೆಗಳಲ್ಲಿಯೂ ಮರಾಠಿಯೇ ನಡೆಯಿತು. ಮನೆಯಲ್ಲಿ ಕನ್ನಡವಾಡುವ ಹುಡುಗನು ಶಾಲೆಯಲ್ಲಿ ಮೋಡಿಯನ್ನು ತಿದ್ದಬೇಕಾಗಿತ್ತು. ಧಾರವಾಡದಲ್ಲಿ ವಾಲ್ಟರ್ ಎಲಿಯಟ್ ಎಂಬ ಅಧಿಕಾರಿಯು ತನ್ನ ಕೈಯಿಂದ ಹಣ ಹಾಕಿ ಕನ್ನಡ ಶಾಲೆಯನ್ನು ತೆರೆದುದು 1830ರ ಸುಮಾರಿನ ಮಾತು. ಅನಂತರ ರಸೆಲ್ ಸಾಹೇಬನೂ ಡೆಪ್ಯುಟಿ ಚನ್ನಬಸಪ್ಪನವರೂ 1860ರ ದಶಕದಲ್ಲಿ ಕನ್ನಡ ಶಾಲೆಗಳಿಗಾಗಿ ಪಟ್ಟ ಶ್ರಮವು ಪ್ರಸಿದ್ಧವೇ ಇದೆ. ಆದರೂ ಹೆಸರು ಹೋಗಲಿಲ್ಲ. 1882ರಲ್ಲಿ ಸ್ಥಾಪಿತವಾದ ರೇಲ್ವೆ ಕಂಪನಿಯೂ ‘ಸದರ್ನ್ ಮರಾಠಾ’ ಎಂದೇ ಹೆಸರಿಟ್ಟುಕೊಂಡು ಧಾರವಾಡದಲ್ಲಿ ತನ್ನ ಮುಖ್ಯ ಕಚೇರಿಯನ್ನು ಕಟ್ಟಿಸಿತು. ಆ ಕಚೇರಿಯ ಕಟ್ಟಡದಲ್ಲಿಯೇ ಮುಂದೆ ಕರ್ನಾಟಕ ಕಾಲೇಜು ನೆಲೆಗೊಂಡಿತು. ಕಾಲೇಜಿನ ಆರಂಭ 1917. ಮರಾಠಾ ಹೆಸರಿನ ಮನೆಗೆ ಕರ್ನಾಟಕವೆಂಬ ಹೆಸರು ಹತ್ತಲು ಇಂಗ್ಲಿಷರ ಆಳಿಕೆಯ ಒಂದು ನೂರು ವರ್ಷಗಳು ಹಿಡಿದುವೆಂದಾಯಿತು.

ಇನ್ನು ದಾರಿಗಳ ಮಾತು. ಈ ಸೀಮೆಗೆ ಪ್ರೊಟೆಸ್ಟಂಟ್ ಕ್ರೈಸ್ತ ಬೋಧಕರು ಮೂರು ಕಡೆಯಿಂದ ಬಂದರು. ಬಳ್ಳಾರಿಯಲ್ಲಿ 1810ರಿಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸನು ನೆಲೆಸಿ ಕನ್ನಡವನ್ನು ಕಲಿತು ಸತ್ಯವೇದದ ಭಾಷಾಂತರಕ್ಕೆ ಕೈಹಾಕಿದ್ದನು. ಅದೇ ಬಳ್ಳಾರಿಯಿಂದ ಜೋಸೆಫ್ ಟೇಲರನು 1820ರಲ್ಲಿ ಬೆಳಗಾವಿಗೆ ಬಂದನು. ಬೆಳಗಾವಿಯು ದಂಡಿನ ಊರು. ಅಲ್ಲಿ ಕನ್ನಡದ ಜೊತೆಗೆ ಮರಾಠಿಯೂ, ದಂಡಿನ ಸಂಗಡ ಬಂದವರಿಗಾಗಿ ತಮಿಳೂ ಬೇಕಾದುವು. ಒಂದೇ ಮಿಶನ್ನು ಮೂರು ಭಾಷೆಗಳಲ್ಲಿ ಪಾಲುಗೊಂಡುದರಿಂದ ಅದರ ಕನ್ನಡಕ್ಕೆ ಬಲವು ಬರಲಿಲ್ಲವೆಂದು ತೋರುತ್ತದೆ. 1904ರಲ್ಲಿ ಲಂಡನ್ ಮಿಶನ್ನಿನವರು ಬೆಳಗಾವಿಯ ಕೆಲಸವನ್ನು ಅಮೇರಿಕೆಯ ಮೆಥೊಡಿಸ್ಟರಿಗೆ ಒಪ್ಪಿಸಿ ಹೊರಟುಹೋದರು. ಎರಡನೆಯ ದಾರಿ ಮಂಗಳೂರಿನದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಘಟ್ಟವನ್ನು ಹತ್ತಿ 1837ರಲ್ಲಿ ಧಾರವಾಡವನ್ನೂ 1839ರಲ್ಲಿ ಹುಬ್ಬಳ್ಳಿಯನ್ನೂ 1841ರಲ್ಲಿ ಬೆಟಗೇರಿಯನ್ನೂ ಸೇರಿದರು, 1851ರಲ್ಲಿ ಗುಳೇದಗುಡ್ಡ. ಮೂರನೆಯದು ಅಹಮದನಗರದ ದಾರಿ. ಅಲ್ಲಿ ಮರಾಠಿಯನ್ನು ಕಲಿತಿದ್ದ ಅಮೇರಿಕೆಯ ರಾಯಲ್ ವೈಲ್ಡರನು 1852ರಲ್ಲಿ ಕೊಲ್ಹಾಪುರಕ್ಕೆ ಬಂದನು. ಅವನು ನೆಟ್ಟ ಕೆಲಸವು 1870ರಲ್ಲಿ ಪ್ರೆಸ್ಬಿಟೇರಿಯನ್ನರ ಕೈಸೇರಿ ಸಾಂಗಲಿ, ಮಿರಜಗಳಿಗೆ ಹಬ್ಬಿತು. ಮಿರಜದಲ್ಲಿ ವಾನ್ಲೆಸ್ ವೈದ್ಯನು 1894ರಲ್ಲಿ ತೆರೆದ ಆಸ್ಪತ್ರೆಗೆ ಕಾಗವಾಡ, ಅಥಣಿಗಳ ರೋಗಿಗಳು ತಲೆಮಾರುಗಳಿಂದ ಹೋಗಿಬಂದಿದ್ದಾರೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇದೇ ಮಿಶನ್ನು ನಿಪ್ಪಾಣಿಯಲ್ಲಿಯೂ ಠಾಣ್ಯವನ್ನು ಮಾಡಿತು.

ಮೂರು ದಾರಿಗಳನ್ನು ಹೀಗೆ ಎಳೆದು ನೋಡಿದರೆ ನಮ್ಮ ಅಭಿಪ್ರಾಯವು ಸ್ಪಷ್ಟವಾದೀತು. ದೇವಾಲಯವು ಯಾವ ಭಾಷೆಯಲ್ಲಿ ಪ್ರಾರ್ಥಿಸಬೇಕೆಂಬುದನ್ನು ಆ ಊರಿನ ಜನರ ಮಾತು ಮಾತ್ರವೇ ಗೊತ್ತುಮಾಡಲಿಲ್ಲ; ಬೋಧಕನು ನಡೆದು ಬಂದ ದಾರಿಯೂ ಗೊತ್ತುಮಾಡಿತು. ಬಳ್ಳಾರಿ ಮಂಗಳೂರುಗಳಿಂದ ಬಂದವನು ಕನ್ನಡವನ್ನು ಹೊತ್ತು ತಂದನು. ಅಹಮದನಗರದಿಂದ ಬಂದವನು ಮರಾಠಿಯನ್ನು ತಂದನು. ಚಿಕ್ಕೋಡಿ-ನಿಪ್ಪಾಣಿಯ ಸೀಮೆಯು ಮೂರನೆಯ ದಾರಿಯ ತುದಿಗೆ ಬಿದ್ದಿತು.

ಈಗ ಧಾರವಾಡಕ್ಕೆ ಬರೋಣ. ಈ ಊರಿನಲ್ಲಿ ಹಳೆಯ ಕ್ರೈಸ್ತ ದೇವಾಲಯಗಳಲ್ಲಿ ಎರಡು ನಮ್ಮ ವಿಷಯಕ್ಕೆ ಮುಖ್ಯವಾದುವು. ಒಂದು ಇಂಗ್ಲಿಷ್ ಅಧಿಕಾರಿಗಳಿಗಾಗಿ ಎದ್ದ ಆಲ್ ಸೇಂಟ್ಸ್ ದೇವಾಲಯ. ಇನ್ನೊಂದು ಬಾಸೆಲ್ ಮಿಶನ್ನಿನ ಪರಂಪರೆಯ ಹೆಬಿಕ್ ಸ್ಮಾರಕ ದೇವಾಲಯ. ಸ್ಯಾಮ್ಯುಯೆಲ್ ಹೆಬಿಕನು ಮಂಗಳೂರಿಗೆ ಮೊದಲು ಬಂದ ಮೂವರಲ್ಲಿ ಒಬ್ಬನು. ಅವನ ಆಯುಷ್ಯದ ಬಹುಭಾಗದ ಕೆಲಸ ನಡೆದುದು ಕಣ್ಣಾನೂರಿನಲ್ಲಿ. ಅಂಥವನ ಹೆಸರು ಧಾರವಾಡದಲ್ಲಿ ನಿಂತಿದೆ. ಧಾರವಾಡದಲ್ಲಿ ಕನ್ನಡವನ್ನು ಕಲಿತ ಕಿಟ್ಟೆಲರ ಹೆಸರು ಕಾಲೇಜಿಗೆ ಸಂದಿದೆ. ಇವೆರಡು ದೇವಾಲಯಗಳ ಭೇದವು ಕಟ್ಟಡದ್ದಕ್ಕಿಂತ ಹೆಚ್ಚಾಗಿ ಭಾಷೆಯದು. ಒಂದರಲ್ಲಿ ಆಳುವವರು ತಮ್ಮ ತಾಯ್ನುಡಿಯಲ್ಲಿ ಪ್ರಾರ್ಥಿಸಿದರು. ಕಿತ್ತೂರಿನ ಮುಂದೆ 1824ರ ಅಕ್ಟೋಬರದಲ್ಲಿ ಮಡಿದ ಕಲೆಕ್ಟರ್ ಥ್ಯಾಕರೆಯ ಸ್ಮಾರಕಸ್ತಂಭವು ನಿಂತಿರುವುದೂ ಇದೇ ಊರಿನಲ್ಲಿ; ಇಂಗ್ಲಿಷ್ ದೇವಾಲಯವೂ ಆ ಸ್ತಂಭವೂ ಒಂದೇ ಪ್ರಪಂಚಕ್ಕೆ ಸೇರಿದುವು. ಇನ್ನೊಂದರಲ್ಲಿ ಆಳುವವರೂ ಅಲ್ಲದ, ಈ ನೆಲದವರೂ ಅಲ್ಲದ ಜರ್ಮನ್ ಸ್ವಿಸ್ ಬೋಧಕರು, ತಮಗೂ ಪರಭಾಷೆಯಾದ ಕನ್ನಡದಲ್ಲಿ, ಕನ್ನಡಿಗರೊಡನೆ ಕುಳಿತು ಪ್ರಾರ್ಥಿಸಿದರು. ಇಂಗ್ಲಿಷು ಅವರಿಗೆ ಮನೆಯ ಮಾತಾಗಿರಲಿಲ್ಲವೆಂಬುದು ಸಣ್ಣ ಸಂಗತಿಯಲ್ಲ. ಆಳುವವರ ಭಾಷೆಯನ್ನು ಹೇರುವ ಅಭಿಮಾನ ಅವರಿಗಿರಲು ಕಾರಣವೇ ಇರಲಿಲ್ಲ.

ಬಾಸೆಲ್ ಮಿಶನ್ನಿನವರ ದೇವಾಲಯಗಳು ನೋಟಕ್ಕೆ ಬಡವು. ಉದ್ದನೆಯ ಒಂದು ಪಡಸಾಲೆ, ಎರಡು ಕಡೆಗೆ ಇಳಿಜಾರಾದ ಮಾಡು, ಎತ್ತರವಾದ ಕಿಟಕಿಗಳು, ಒಂದು ಗಂಟೆ. ವಿಗ್ರಹವಿಲ್ಲ, ಚಿತ್ರದ ಆಡಂಬರವಿಲ್ಲ. ಗರ್ಭಗುಡಿಯಿರಬೇಕಾದ ಕಡೆಯಲ್ಲಿ ಉಪದೇಶದ ಪೀಠ. ಗಂಡಸರು ಒಂದು ಪಾರ್ಶ್ವಕ್ಕೆ, ಹೆಂಗಸರು ಇನ್ನೊಂದು ಪಾರ್ಶ್ವಕ್ಕೆ ಕುಳಿತುಕೊಳ್ಳುವ ಪದ್ಧತಿ. ಮಂಗಳೂರಿನಲ್ಲಿ ಅದೇ ಮಿಶನ್ನು 1865ರಲ್ಲಿ ಹಂಚಿನ ಕಾರಖಾನೆಯನ್ನು ತೆರೆದ ಮೇಲೆ ಕೆಂಪು ಹಂಚು ಇಂತಹ ಕಟ್ಟಡಗಳ ಲಕ್ಷಣವೇ ಆಯಿತು. ಮಣ್ಣಿನ ಮಾಳಿಗೆಯ ಮನೆಗಳನ್ನು ಮಾತ್ರ ಕಂಡ ಬಯಲುಸೀಮೆಯ ಜನರಿಗೆ ಮಾಡು ಇಳಿಜಾರಾದ ಈ ಮನೆ ಹೊಸದೆನ್ನಿಸಿರಬೇಕು. ಆದರೆ ಅದರೊಳಗಿನ ಶೂನ್ಯವು ಅವರಿಗೆ ಅಷ್ಟು ಹೊಸದಲ್ಲ. ಲಿಂಗವಂತರ ಮಠದಲ್ಲಿಯೂ ಜೈನರ ಶಾಸ್ತ್ರಸಭೆಯಲ್ಲಿಯೂ ಮಾತೇ ಪ್ರಧಾನವಾದ ಕೂಟವನ್ನು ಕಂಡವರು ಅವರು.

ದೇವಾಲಯದ ಒಳಗೆ ಗಂಭೀರವಾದ ಭಾಷೆ, ಹೊರಗೆ ಬೀದಿಯಲ್ಲಿ ಬೇರೊಂದು. ಈ ಎರಡರ ನಡುವಣ ಅಂತರವನ್ನು ಸಂಸ್ಕೃತ ಪಾಠಶಾಲೆಯಲ್ಲಿ ಓದಿದ ನಮ್ಮಂಥವರು ಸ್ವಲ್ಪ ನಿಂತು ನೋಡತಕ್ಕದ್ದು. ಕ್ರೈಸ್ತರ ಪಾರಿಭಾಷಿಕ ಶಬ್ದಗಳನ್ನು ಸಿದ್ಧಪಡಿಸಿದವರು ಪಂಡಿತರ ಸಹಾಯದಿಂದಲೇ ಸಿದ್ಧಪಡಿಸಿದರು. ‘ದೀಕ್ಷಾಸ್ನಾನ’ ಎಂಬ ಶಬ್ದವನ್ನು ನೋಡಿರಿ. ಸೋಮಯಾಗದಲ್ಲಿ ಯಜಮಾನನಿಗೆ ದೀಕ್ಷೆಗೆ ಮುಂಚೆ ಸ್ನಾನವುಂಟು, ಯಾಗದ ಕೊನೆಗೆ ಅವಭೃಥಸ್ನಾನವುಂಟು. ಶೈವರಲ್ಲಿ ದೀಕ್ಷೆಯು ಗುರುವಿನ ಅನುಗ್ರಹ. ಇವರು ದೀಕ್ಷೆಯನ್ನೂ ಸ್ನಾನವನ್ನೂ ಒಂದೇ ಸಮಾಸದಲ್ಲಿ ಕಟ್ಟಿ, ಸ್ನಾನವೇ ದೀಕ್ಷೆಯೆಂಬ ಅರ್ಥವನ್ನು ಹುಟ್ಟಿಸಿದರು. ಸಮಾಸವು ನಿರ್ದುಷ್ಟವಾಗಿದೆ, ಅರ್ಥವು ಹೊಸದು. ‘ಸುವಾರ್ತೆ’ ಗ್ರೀಕಿನ ಮೂಲಪದದ ಅವಯವಗಳಿಗೆ ಸರಿಯಾಗಿ ಒಪ್ಪುವ ಪದ. ಅರ್ಥಶಾಸ್ತ್ರದಲ್ಲಿ ವಾರ್ತೆಯೆಂದರೆ ಕೃಷಿ, ಪಶುಪಾಲನೆ, ವಾಣಿಜ್ಯ. ಅದನ್ನು ಬಲ್ಲ ಪಂಡಿತನು ‘ಸುವಾರ್ತೆ’ಯನ್ನು ಕೇಳಿ ಒಳ್ಳೆಯ ಬೆಳೆಯೆಂದು ತಿಳಿದರೆ ತಪ್ಪೇನೂ ಇಲ್ಲ! ‘ಕರ್ತನು’ ಎಂಬುದು ಇನ್ನೂ ಸ್ವಾರಸ್ಯವಾದುದು. ಸ್ವತಂತ್ರನಾದವನು ಕರ್ತೃವೆಂಬುದು ಪಾಣಿನಿಯ ಮತ. ಒಡೆಯ, ಪ್ರಭು, ಸ್ವಾಮಿ ಎಂಬ ಪದಗಳಿದ್ದರೂ ವ್ಯಾಕರಣದ ಈ ಪದವು ದೇವರಿಗೆ ಸಂದುದು, ತಿಳಿದೋ ತಿಳಿಯದೆಯೋ, ಉಚಿತವೇ ಆಗಿದೆ. ‘ಸಭೆ’ ಎಂಬುದು ಅವರಲ್ಲಿ ಭಕ್ತರ ಸಮುದಾಯಕ್ಕೆ ಸಲ್ಲುವ ಹೆಸರು, ಕಟ್ಟಡಕ್ಕಲ್ಲ. ಘಟ್ಟದ ಕೆಳಗೆ ಕಥೋಲಿಕರು ಪೋರ್ತುಗೀಸ ಮೂಲದ ‘ಇಗರ್ಜಿ’ಯನ್ನು ಬಳಸಿದರು, ಬಾಸೆಲಿನವರು ಕಟ್ಟಡಕ್ಕೂ ನಮ್ಮ ‘ದೇವಾಲಯ’ವನ್ನೇ ಇಟ್ಟುಕೊಂಡರು.

ಈ ಪರಿಭಾಷೆಯನ್ನು ಹೊತ್ತುಕೊಂಡು ಸಂತೆಗೆ ಹೋದರೆ ಯಾರು ಕೇಳುವರು? ಮಿಶನ್ನಿನವರು ತಂಪುಗಾಲದಲ್ಲಿ ಎತ್ತಿನ ಬಂಡಿಯಲ್ಲಿ ಡೇರೆಯನ್ನು ಹೇರಿಕೊಂಡು ಹಳ್ಳಿಯಿಂದ ಹಳ್ಳಿಗೆ ತಿರುಗುವರು. ಸಂತೆ ಜಾತ್ರೆಗಳಲ್ಲಿ ನಿಂತು ಬೋಧಿಸುವರು. ಸಣ್ಣ ಪುಸ್ತಕಗಳನ್ನು ಕಾಸಿಗೆ ಮಾರುವರು. ಧಾರವಾಡದ ಪೇಟೆಗಳಿಗೆ ಮಂಗಳವಾರ, ಶುಕ್ರವಾರ ಎಂದು ವಾರದ ಹೆಸರುಗಳಿವೆ; ಪುಣೆಯ ಮಾದರಿಯ ಈ ಹೆಸರುಗಳೂ ಹಳೆಯ ಆಳಿಕೆಯ ಗುರುತೇ. ಲೈನ್ ಬಜಾರವು ದಂಡಿನ ಸಾಲುಗಳಿಂದ ಹೆಸರು ಪಡೆದುದು. ಇಂತಹ ಬೀದಿಗಳಲ್ಲಿ ನಿಂತ ಬೋಧಕನಿಗೆ ಪ್ರತಿಮಾತು ತಪ್ಪಿದ್ದಲ್ಲ. ಜಂಗಮನು ಕೇಳುವನು, ಶಾಸ್ತ್ರಿಯು ಕೇಳುವನು, ಕಾಯಿಪಲ್ಲೆ ಮಾರುವ ಮುದುಕಿಯೂ ಕೇಳುವಳು. ಅವರಿಗೆ ಉತ್ತರ ಹೇಳಬೇಕಾದರೆ ಅವರ ಗಾದೆ ಬೇಕು, ಅವರ ತ್ರಿಪದಿ ಬೇಕು, ಅವರ ಬೈಗುಳದ ಅರ್ಥವಾದರೂ ತಿಳಿದಿರಬೇಕು. ಮೋಗ್ಲಿಂಗನು ಕನ್ನಡ ಗಾದೆಗಳನ್ನೂ ದಾಸರ ಪದಗಳನ್ನೂ ಅಚ್ಚುಹಾಕಿಸಿದುದಕ್ಕೆ ವಿದ್ಯಾಭಿರುಚಿಯ ಜೊತೆಗೆ ಈ ಅವಶ್ಯಕತೆಯೂ ಕಾರಣವೆಂಬುದು ನಮ್ಮ ಮತ. ಖಂಡಿಸುವುದಕ್ಕಾಗಿ ಕಲಿತರು, ಕಲಿತುದರಿಂದ ಉಳಿಸಿದರು. ಅವರು ನಮ್ಮ ದೇವತೆಗಳ ವಿಷಯದಲ್ಲಿ ಆಡಿದ ಕಟುವಾದ ಮಾತುಗಳನ್ನು ನಾವು ಮರೆಯಬೇಕಾಗಿಲ್ಲ. ಹಾಗೆಯೇ ಅದೇ ಬೀದಿಯಲ್ಲಿ ದಿನವೂ ನಡೆದಾಡುತ್ತಿದ್ದ ನಮ್ಮ ಪಂಡಿತರು ಆ ಮುದುಕಿಯ ಒಂದು ಮಾತನ್ನೂ ಬರೆದಿಟ್ಟುಕೊಳ್ಳಲಿಲ್ಲವೆಂಬುದನ್ನೂ ಮರೆಯಬಾರದು. ಗ್ರಾಮ್ಯವೆಂಬ ಒಂದು ದೋಷವನ್ನು ಅಲಂಕಾರ ಶಾಸ್ತ್ರದಲ್ಲಿ ಓದಿದ ನಾವು ಅದನ್ನು ಬೀದಿಗೂ ಹಚ್ಚಿದೆವು.

1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲರು ಮೊದಲ ಕೆಲವು ವರ್ಷಗಳನ್ನು ಧಾರವಾಡದ ಕಡೆಯಲ್ಲಿ ಕಳೆದು ಕನ್ನಡವನ್ನು ಕಲಿತರು. 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ‘ಕಥಾಮಾಲೆ’ಯೆಂದು ಬರೆದರು, 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಪ್ರಕಟಿಸಿದರು, 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಕೇಶಿರಾಜನನ್ನು ಸಂಪಾದಿಸಿದವನೇ ಸಂತೆಯ ಮಾತಿಗೂ ಪ್ರಮಾಣವನ್ನು ಬರೆದನೆಂಬುದು ಈ ನಿಘಂಟಿನ ವಿಶೇಷ. ‘ದಕ್ಷಿಣ ಮರಾಠಾ’ ಎಂಬ ಗುರುತಿರುವ ಶಬ್ದಗಳು ಕವಿಗಳಿಗೆ ಸೇರಿದವಲ್ಲ. ಬೇಸಾಯದವನ, ನೇಕಾರನ, ಅಡಿಗೆಯ ಮನೆಯ ಶಬ್ದಗಳಂಥವು. ಆದರೆ ಇವನ್ನು ಕೇಳಿದ ಕಿವಿಗಳು ಇದ್ದುದೆಲ್ಲಿ? ಮಿಶನ್ನಿನ ಠಾಣ್ಯಗಳು ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಲ್ಲಿ, ಅನಂತರ ಬಿಜಾಪುರದಲ್ಲಿ. ಘಟಪ್ರಭೆಯಿಂದಾಚೆಗೆ, ಕೃಷ್ಣೆ ದೂಧಗಂಗೆಗಳ ನಡುವಣ ನಾಡಿನಲ್ಲಿ ಒಂದೂ ಇಲ್ಲ. ಆದುದರಿಂದ ಆ ಗುರುತು ಹೆಸರಿಗೆ ದಕ್ಷಿಣ ಮರಾಠಾ ಸೀಮೆಯೆಲ್ಲವನ್ನೂ ವ್ಯಾಪಿಸಿದರೂ ಮುಖ್ಯವಾಗಿ ಮಲಪ್ರಭೆಯ ಎರಡು ದಡಗಳ ಬೀದಿಗಳ ಗುರುತೆಂದು ನಾವು ಊಹಿಸುವೆವು. ಚಿಕ್ಕೋಡಿಯ ಶಬ್ದವು ಅದರಲ್ಲಿ ಬಂದಿದ್ದರೆ ಧಾರವಾಡಕ್ಕೂ ಸಮಾನವಾದುದರಿಂದ ಬಂದಿರಬೇಕು.

ಈ ಪರಂಪರೆಯ ಅತ್ಯುತ್ತಮ ಫಲವು ಜರ್ಮನರಲ್ಲಿ ಅಲ್ಲ, ಕನ್ನಡಿಗನೊಬ್ಬನಲ್ಲಿ ಕಂಡಿತು. ಧಾರವಾಡದಲ್ಲಿ 1881ರಲ್ಲಿ ಹುಟ್ಟಿ ಬಾಸೆಲ್ ಮಿಶನ್ನಿನ ಸಭಾಪಾಲಕರಾದ ಚನ್ನಪ್ಪ ಉತ್ತಂಗಿಯವರು ಸರ್ವಜ್ಞನ ತ್ರಿಪದಿಗಳನ್ನು ಜನರ ಬಾಯಿಂದಲೂ ಹಸ್ತಪ್ರತಿಗಳಿಂದಲೂ ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. ಬೋಧಕನಾಗಿ ಹಳ್ಳಿಗಳನ್ನು ತಿರುಗಿದವನಿಗಲ್ಲದೆ ಅಷ್ಟು ಪದ್ಯಗಳು ಬೇರೆ ಯಾರಿಗೆ ದೊರೆತಾವು? ಬೀದಿಯಲ್ಲಿ ತಿರುಕನು ಹಾಡುತ್ತಿದ್ದುದನ್ನು ದೇವಾಲಯದ ಅಯ್ಯನು ಕೂಡಿಸಿದನು. ಅವರನ್ನು 1949ರ ಕಲಬುರ್ಗಿಯ ಸಾಹಿತ್ಯ ಸಮ್ಮೇಲನದಲ್ಲಿ ಕನ್ನಡಿಗರು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿದರು.

ಇನ್ನು ಕೃಷ್ಣಾತೀರಕ್ಕೆ. ನಿಪ್ಪಾಣಿಯು ದೇಸಾಯಿಯ ಆಳಿಕೆ ತೀರಿ 1839ರಲ್ಲಿ ಇಂಗ್ಲಿಷರಿಗೆ ಸೇರಿತು. ತಂಬಾಕಿನ ಪೇಟೆಯಾಗಿ ಬೆಳೆಯಿತು. ರಾಯಬಾಗವು 1949ರ ವರೆಗೆ ಕೊಲ್ಹಾಪುರದ ಸಂಸ್ಥಾನಕ್ಕೆ ಸೇರಿದ್ದಿತು. ಈ ಊರುಗಳ ಪಾಲಿಗೆ ದಫ್ತರ, ಶಾಲೆ, ಮಿಶನ್ನು ಮೂರೂ ಕೊಲ್ಹಾಪುರದ ದಿಕ್ಕಿನಿಂದ ಬಂದುವು, ಮೂರೂ ಮರಾಠಿಯವು. ಇದರಲ್ಲಿ ಯಾರನ್ನೂ ದೂರಬೇಕಾಗಿಲ್ಲ. ಮರಾಠಿಯು ಅನೇಕರ ಮನೆಮಾತೂ ಹೌದು. ಎರಡು ಭಾಷೆಗಳನ್ನೂ ಒಂದೇ ಉಸುರಿನಲ್ಲಿ ಆಡುವುದು ಅಲ್ಲಿಯ ಜನರಿಗೆ ಸಹಜ. ಆದರೆ ಕೊಲ್ಹಾಪುರದ ನೆಲದೊಳಗೆ ಇರುವ ಕಲ್ಲುಗಳು ಕನ್ನಡದವು. ಅಲ್ಲಿಯ ರಾಜಾರಾಮ ಕಾಲೇಜಿನಲ್ಲಿ ಕನ್ನಡವನ್ನು ಕಲಿಸುತ್ತಿದ್ದ ಕೆ. ಜಿ. ಕುಂದಣಗಾರರು ಉತ್ತರ ಕರ್ನಾಟಕದ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು 1939ರಲ್ಲಿ ಪ್ರಕಟಿಸಿದಾಗ, ಮರಾಠಿಯ ದೇವಾಲಯವೂ ಶಾಲೆಯೂ ನಿಂತ ನಾಡಿನ ಗುಡಿ ಬಸದಿಗಳು ಕನ್ನಡದಲ್ಲಿ ಬರೆಯಿಸಿಕೊಂಡುವೆಂಬುದು ವಿದ್ವಾಂಸರ ಕಣ್ಣಿಗೆ ಬಿದ್ದಿತು. ಅದೇ ಕಾಲೇಜಿನಲ್ಲಿ ಪ್ರಾಕೃತವನ್ನು ಕಲಿಸಿದ ಆದಿನಾಥ ನೇಮಿನಾಥ ಉಪಾಧ್ಯೆಯವರು ಚಿಕ್ಕೋಡಿಯ ಕಡೆಯ ಸದಲಗದಲ್ಲಿ 1906ರಲ್ಲಿ ಹುಟ್ಟಿದವರು. ಕಲ್ಲಿನ ಮೇಲಣ ಕನ್ನಡಕ್ಕೆ ಕುಂದಣಗಾರರು ದೊರೆತರು. ತಾಡವೋಲೆಯ ಪ್ರಾಕೃತಕ್ಕೆ ಉಪಾಧ್ಯೆಯವರು. ಬೀದಿಯ ಕನ್ನಡಕ್ಕೆ ಮಾತ್ರ ಕಿಟ್ಟೆಲನಂಥವನೊಬ್ಬನು ದೊರೆಯಲಿಲ್ಲ.

ದೇವಾಲಯಗಳ ಆಡಳಿತದಲ್ಲಿಯೂ ಈ ಗೆರೆಯು ಉಳಿದುಬಂದಿದೆ. 1970ರಲ್ಲಿ ದಕ್ಷಿಣ ಭಾರತ ಸಭೆಯ ಉತ್ತರ ಕರ್ನಾಟಕ ಪ್ರಾಂತವು ಧಾರವಾಡವನ್ನು ಕೇಂದ್ರವಾಗಿ ಮಾಡಿಕೊಂಡಿತು. ಅದೇ ವರುಷ ನಾಗಪುರದಲ್ಲಿ ಉತ್ತರ ಭಾರತ ಸಭೆಯು ಹುಟ್ಟಿತು, ಕೊಲ್ಹಾಪುರವು ಅದರ ಒಂದು ಪ್ರಾಂತ. ನಡುವಣ ಬೆಳಗಾವಿಯಲ್ಲಿ ಮೆಥೊಡಿಸ್ಟರು. ಮೂರು ದಾರಿಗಳು ಮೂರು ಆಡಳಿತಗಳಾಗಿ ನಿಂತುವು.

ಅಥಣಿಯ ಮಾತನ್ನು ಹೇಳಿ ನಿಲ್ಲಿಸುವೆವು. ಅಲ್ಲಿ ಹಳೆಯ ಕ್ರೈಸ್ತ ದೇವಾಲಯದ ಸ್ಥಾನದಲ್ಲಿ, ಬೀದಿಯ ಜನರನ್ನು ಸೆಳೆದು ಕೂಡಿಸಿದ ಮನೆಯೆಂದರೆ ಗಚ್ಚಿನಮಠ. ಮುರುಘೇಂದ್ರ ಶಿವಯೋಗಿಗಳು (1836–1921) ನೆಲೆಸಿದ್ದ ಮಠ. ಈ ಹೆಸರನ್ನು ಯಾವ ಪಂಡಿತನೂ ಇಟ್ಟುದಲ್ಲ. ಪಂಡಿತನು ಇಟ್ಟಿದ್ದರೆ ಗುರುವಿನ ಹೆಸರೋ ಪೀಠದ ಹೆಸರೋ ಇರುತ್ತಿದ್ದಿತು. ಸುತ್ತಲೂ ಮಣ್ಣಿನ ಗೋಡೆಗಳಿರುವ ಓಣಿಯಲ್ಲಿ ಒಂದು ಮನೆ ಗಚ್ಚಿನದಾದರೆ ದಾರಿಹೋಕನು ಗೋಡೆಯನ್ನು ನೋಡಿ ಇಡುವ ಹೆಸರು ಇದು. ಸುಣ್ಣವನ್ನು ಉಸುಕಿನೊಡನೆ ಕಲಸಿ, ಎತ್ತು ತಿರುಗಿಸುವ ಕಲ್ಲಿನ ಗಾಣದಲ್ಲಿ ಅರೆದು, ಬೆಲ್ಲದ ನೀರನ್ನು ಕೂಡಿಸಿ ಗಚ್ಚನ್ನು ಹದಮಾಡುವ ಗೌಂಡಿಗಳು ಆ ಹದದ ಒಂದೊಂದು ಹಂತಕ್ಕೂ ಒಂದೊಂದು ಮಾತನ್ನು ಆಡುತ್ತಿದ್ದರು. ಸಿಮೆಂಟು ಬಂದ ಮೇಲೆ ಗಾಣಗಳು ನಿಂತುವು. ಅದೇ ತಾಲೂಕಿನ ಸಮಗಾರರು ಹೊಲಿಯುವ ಚಪ್ಪಲಿಗೆ ಹೊರಗಿನ ಪೇಟೆಯಲ್ಲಿ ಕೊಲ್ಹಾಪುರದ ಹೆಸರು. 2019ರಲ್ಲಿ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ ಮೊದಲಾದ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿದುವು, ಹೆಸರು ಮಾತ್ರ ಹಳೆಯದೇ ಉಳಿಯಿತು. ಕಿಟ್ಟೆಲರ ಗುರುತಿನಂತೆಯೇ ಇದು. ತೊಗಲನ್ನು ಹದಮಾಡುವುದರಿಂದ ಹಿಡಿದು ಹೆಣಿಕೆಯ ಕೊನೆಯ ಗಂಟಿನ ವರೆಗೆ ಆ ಓಣಿಯ ಹೆಂಗಸರೂ ಗಂಡಸರೂ ಬಳಸುವ ಕನ್ನಡ ಶಬ್ದಗಳನ್ನು ಅವರ ಪಕ್ಕದಲ್ಲಿ ಕುಳಿತು ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ಅಥಣಿ, ಕಾಗವಾಡ, ಚಿಕ್ಕೋಡಿಗಳ ಕಾಲೇಜುಗಳಲ್ಲಿ ಕನ್ನಡವನ್ನು ಕಲಿಸುವವರು ಒಂದು ಬೇಸಗೆಯ ಬಿಡುವನ್ನು ಕೊಟ್ಟರೆ ಸಾಕಾದೀತು.